ಬಿಇ ಮುಗಿದ ಮೇಲೆ ಓದಬೇಕೋ, ಕೆಲಸಕ್ಕೆ ಹೋಗಬೇಕೋ: ಮಲೆನಾಡಿನ ಮನೆಯಿಂದ ಹೊರಡುವವರಿಗೆ ಹಂತ ಹಂತದ ಮಾರ್ಗದರ್ಶಿ

ಪ್ರತಿ ವರ್ಷ ಮಾರ್ಚ್‌ನಿಂದ ಜೂನ್‌ವರೆಗೆ ನಮ್ಮ ಮನೆಯ ಜಗಲಿಗೆ ಒಂದೇ ಪ್ರಶ್ನೆ ಬರುತ್ತದೆ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಕೊನೇ ಸೆಮಿಸ್ಟರಿನ ಹುಡುಗ ಹುಡುಗಿಯರು ಬಸ್ಸಿಳಿದು ಬರುತ್ತಾರೆ. ಕೆಲವರ ಜೊತೆ ಅಪ್ಪನೂ ಇರುತ್ತಾರೆ. "ಅಣ್ಣ, ಎಂಟೆಕ್ ಮಾಡ್ಲಾ, ಸಿಕ್ಕಿರೋ ಕೆಲಸಕ್ಕೆ ಹೋಗ್ಲಾ?" ಈ ವಿಷಯವನ್ನು ಹಿಂದೊಮ್ಮೆ ಚಿಕ್ಕದಾಗಿ ಬರೆದಿದ್ದೆ. ಅದನ್ನು ಓದಿದವರೂ ಅದೇ ಜಾಗದಲ್ಲಿ ಎಡವಿ ಬಂದರು. ಹಾಗಾಗಿ ಈ ಸಲ ಬಿಡಿಸಿ ಬರೆಯುತ್ತಿದ್ದೇನೆ.

ಎಡವುವುದು ಬುದ್ಧಿ ಇಲ್ಲದೆ ಅಲ್ಲ, ಹೆಜ್ಜೆಗಳ ಕ್ರಮ ತಪ್ಪಿ. ಮೊದಲು ಪರೀಕ್ಷೆ ಬರೆಯುತ್ತಾರೆ, ಬಂದ ಅಂಕಕ್ಕೆ ಸಿಕ್ಕ ಕಾಲೇಜು ಹಿಡಿಯುತ್ತಾರೆ, ಆಮೇಲೆ ಬ್ಯಾಂಕಿಗೆ ಓಡುತ್ತಾರೆ. ಯಾವ ಕೆಲಸಕ್ಕಾಗಿ ಇದೆಲ್ಲ ಎಂಬ ಯೋಚನೆ ಎರಡು ವರ್ಷ ಕಳೆದ ಮೇಲೆ ಬರುತ್ತದೆ. ಇದನ್ನು ಪೂರ್ತಿ ತಿರುಗಿಸಬೇಕು. ಮೊದಲು ಕೆಲಸ ಯಾವುದು ಎಂಬುದು, ಆಮೇಲೆ ಅದಕ್ಕೆ ಪದವಿ ಬೇಕೇ ಎಂಬುದು, ಆಮೇಲೆ ಮನೆಯ ಲೆಕ್ಕ, ಕೈಯಲ್ಲಿರುವ ಆಫರ್, ದಿನಾಂಕಗಳು. ಕಾಲೇಜಿನ ಹೆಸರು ಬರುವುದು ಕೊನೆಗೆ.

ಬೇಕಾಗುವ ಸಾಮಾನು

ಒಂದು ನೂರು ಪುಟದ ನೋಟ್‌ಬುಕ್, ಎಲ್ಲ ಸೆಮಿಸ್ಟರಿನ ಅಂಕಪಟ್ಟಿ, ಆಫರ್ ಲೆಟರ್ ಇದ್ದರೆ ಅದರ ಪ್ರಿಂಟ್, ಮನೆಯ ಜಮೀನಿನ ಪಹಣಿ, ಮನೆಯಲ್ಲಿ ಈಗಿರುವ ಸಾಲಗಳ ವಿವರ. ಮೊಬೈಲಿನ ಪರದೆಯಲ್ಲಿ ಆಫರ್ ಲೆಟರ್ ಓದಬೇಡಿ. ಹತ್ತು ಪುಟದ ಪತ್ರದಲ್ಲಿ ಎಂಟನೇ ಪುಟದ ಷರತ್ತು ಕಣ್ತಪ್ಪುವುದು ಅಲ್ಲೇ.

ಇವುಗಳ ಜೊತೆ ಮೂವರ ಫೋನ್ ನಂಬರ್ ಬೇಕು: ನಿಮ್ಮದೇ ಬ್ರಾಂಚಿನಲ್ಲಿ ಓದಿ ಕೆಲಸಕ್ಕೆ ಹೋದವರೊಬ್ಬರು, ಎಂಟೆಕ್ ಅಥವಾ ವಿದೇಶದಲ್ಲಿ ಎಂಎಸ್ (ಅಲ್ಲಿನ ಸ್ನಾತಕೋತ್ತರ ಪದವಿ) ಮುಗಿಸಿದವರೊಬ್ಬರು, ಓದನ್ನು ಅರ್ಧಕ್ಕೆ ಬಿಟ್ಟವರೊಬ್ಬರು. ಮೂರನೆಯವರನ್ನು ಹುಡುಕುವುದು ಕಷ್ಟ, ಆದರೆ ಬಿಡಬೇಡಿ. ಎಲ್ಲ ಸೇರಿ ಕೆಲವು ವಾರಗಳ ಕೆಲಸ ಇದು.

1ನೇ ಹಂತ: ಯಾವ ಕೆಲಸ ಎಂದು ಬರೆಯಿರಿ

ನೋಟ್‌ಬುಕ್ಕಿನ ಮೊದಲ ಪುಟದಲ್ಲಿ, ಐದು ವರ್ಷದ ಮೇಲೆ ಒಂದು ಸಾಮಾನ್ಯ ದಿನ ಬೆಳಿಗ್ಗೆ ಹತ್ತು ಗಂಟೆಗೆ ನೀವು ಏನು ಮಾಡುತ್ತಿರಬೇಕು ಎಂದು ನಾಲ್ಕು ಸಾಲು ಬರೆಯಿರಿ. "ಸಾಫ್ಟ್‌ವೇರ್" ಎಂದರೆ ಉತ್ತರ ಆಗಲಿಲ್ಲ. ಕೋಡ್ ಬರೆಯುತ್ತಿದ್ದೀರಾ, ಗ್ರಾಹಕರ ಜೊತೆ ಮಾತಾಡುತ್ತಿದ್ದೀರಾ, ಸೈಟಿನಲ್ಲಿ ಕಾಂಕ್ರೀಟ್ ಹಾಕಿಸುತ್ತಿದ್ದೀರಾ, ಪಾಠ ಮಾಡುತ್ತಿದ್ದೀರಾ, ಚಿಪ್‌ನ ಸರ್ಕಿಟ್ ನೋಡುತ್ತಿದ್ದೀರಾ? ಅಷ್ಟು ಬಿಡಿಸಿ ಬರೆಯಿರಿ.

ಬರೆಯಲು ಏನೂ ಹೊಳೆಯದಿದ್ದರೆ ಗಾಬರಿ ಬೇಡ. ನಾಲ್ಕು ವರ್ಷ ಓದಿ ಒಂದು ಕಾರ್ಖಾನೆಯ ಒಳಗೂ ಕಾಲಿಡದವರೇ ಹೆಚ್ಚು. ಮೆಕ್ಯಾನಿಕಲ್‌ನವರು ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ ಪರಿಚಯದವರ ಮೂಲಕ ಒಂದು ಫೌಂಡ್ರಿಗೆ ಹೋಗಿ ಒಂದು ಶಿಫ್ಟ್ ನಿಂತು ನೋಡಿ. ಎಲೆಕ್ಟ್ರಿಕಲ್‌ನವರು ಮೆಸ್ಕಾಂನ ಸಬ್‌ಸ್ಟೇಷನ್ನಿನಲ್ಲಿ ಕೆಲಸ ಮಾಡುವವರ ಜೊತೆ ಅರ್ಧ ದಿನ ಮಾತಾಡಿ. ಆ ಅರ್ಧ ದಿನದಲ್ಲಿ ತಿಳಿಯುವಷ್ಟು ಒಂದು ವಾರದ ವಿಡಿಯೋ ನೋಡಿದರೂ ತಿಳಿಯುವುದಿಲ್ಲ.

ಇಲ್ಲಿ ಆಗುವ ದೊಡ್ಡ ತಪ್ಪು, ಬೇಡದ್ದನ್ನು ಬರೆದು ಬೇಕಾದ್ದು ಎಂದುಕೊಳ್ಳುವುದು. "ಕೋಡಿಂಗ್ ಬೇಡ, ಅದಕ್ಕೇ ಎಂಟೆಕ್" ಎಂದು ಬಂದವರನ್ನು ಎಷ್ಟೋ ಜನ ಕಂಡಿದ್ದೇನೆ. ಎರಡು ವರ್ಷದ ನಂತರ ಕ್ಯಾಂಪಸ್‌ಗೆ ಬಂದ ಕಂಪನಿಗಳು ಅವರಿಗೂ ಕೋಡಿಂಗ್ ಪರೀಕ್ಷೆಯನ್ನೇ ಕೊಟ್ಟವು.

2ನೇ ಹಂತ: ಆ ಕೆಲಸಕ್ಕೆ ಇನ್ನೊಂದು ಪದವಿ ಬೇಕೇ ನೋಡಿ

ಊಹೆ ಬೇಡ, ಎಣಿಸಿ. ಉದ್ಯೋಗದ ಜಾಲತಾಣಗಳಲ್ಲಿ ನೀವು ಬರೆದ ಕೆಲಸದ ಇಪ್ಪತ್ತು ಜಾಹೀರಾತು ತೆಗೆಯಿರಿ. ಒಂದೊಂದರಲ್ಲೂ ವಿದ್ಯಾರ್ಹತೆ ಏನು, ಅನುಭವ ಎಷ್ಟು, ಯಾವ ಕೌಶಲ ಎಂದು ಮೂರು ಕಾಲಂ ಮಾಡಿ ಬರೆಯಿರಿ. ತೀರ್ಥಹಳ್ಳಿ ಕಡೆಯ ಎಲೆಕ್ಟ್ರಾನಿಕ್ಸ್ ಹುಡುಗಿಯೊಬ್ಬಳು ಹೀಗೆ ಬರೆದುಕೊಂಡು ಬಂದಿದ್ದಳು. ಮೊದಲ ಕಾಲಂ ನೋಡುತ್ತಾ ಹೋದರೆ ಚಿಪ್ ಡಿಸೈನ್ ಜಾಹೀರಾತುಗಳಲ್ಲಿ ಎಂಟೆಕ್ ಎಂದು ಮತ್ತೆ ಮತ್ತೆ ಇತ್ತು. ಟೆಸ್ಟಿಂಗ್ ಕೆಲಸಗಳಲ್ಲಿ ಒಂದರಲ್ಲೂ ಇರಲಿಲ್ಲ. ಅವಳು ನನ್ನನ್ನು ಏನೂ ಕೇಳಬೇಕಾಗಲಿಲ್ಲ.

ಸಾಮಾನ್ಯವಾಗಿ ಕಾಣುವುದು ಹೀಗೆ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡಬೇಕಾದರೆ ಎಂಟೆಕ್ ಇಲ್ಲದೆ ಆಗುವುದಿಲ್ಲ. ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಮಂಡಳಿಯಾದ ಎಐಸಿಟಿಇ ನಿಯಮದಂತೆ ಸಹಾಯಕ ಪ್ರಾಧ್ಯಾಪಕರಾಗಲು ಬಿಇ ಮತ್ತು ಎಂಟೆಕ್ (ಅಥವಾ ಎಂಇ) ಎರಡೂ ಬೇಕು, ಎರಡರಲ್ಲಿ ಒಂದಾದರೂ ಪ್ರಥಮ ದರ್ಜೆ ಇರಬೇಕು. ಸಂಶೋಧನೆ, ಚಿಪ್ ಡಿಸೈನ್, ಕಟ್ಟಡ ಸೇತುವೆಗಳ ಸ್ಟ್ರಕ್ಚರಲ್ ಡಿಸೈನ್, ಮಣ್ಣಿನ ತಾಂತ್ರಿಕತೆ ಇಂಥ ಕಡೆ ಒಳ್ಳೆಯ ಎಂಟೆಕ್ ನಿಜವಾಗಿಯೂ ಬಾಗಿಲು ತೆರೆಯುತ್ತದೆ.

ಸಾಫ್ಟ್‌ವೇರ್ ಬರೆಯುವುದು, ಟೆಸ್ಟಿಂಗ್, ಸೈಟ್ ಎಂಜಿನಿಯರ್, ಉತ್ಪಾದನಾ ವಿಭಾಗ ಇವಕ್ಕೆ ಬೇಕಿಲ್ಲ. ಲೋಕೋಪಯೋಗಿ ಇಲಾಖೆಯ ಅಥವಾ ಕೆಪಿಟಿಸಿಎಲ್‌ನ ಸಹಾಯಕ ಎಂಜಿನಿಯರ್ ಹುದ್ದೆಗೂ ಬಿಇ ಸಾಕು. ಊರಿಗೆ ಹತ್ತಿರ ಇರಬೇಕು, ಸರ್ಕಾರಿ ಕೆಲಸ ಬೇಕು ಎನ್ನುವವರು ಎಂಟೆಕ್‌ಗೆ ಎರಡು ವರ್ಷ ಕೊಡುವ ಬದಲು ಆ ಪರೀಕ್ಷೆಗೇ ಓದಲಿ.

ಎಂಬಿಎ ಬಗ್ಗೆ ಒಂದೇ ಮಾತು: ಕೆಲಸದ ಅನುಭವ ಇಟ್ಟುಕೊಂಡು ಹೋದರೆ ತರಗತಿಯಲ್ಲಿ ಹೇಳುವುದು ಅರ್ಥವಾಗುತ್ತದೆ. ಬಿಇ ಆದ ಮರುದಿನವೇ ಹೋಗಲು ಅವಸರವಿಲ್ಲ.

3ನೇ ಹಂತ: ಮನೆಯ ಲೆಕ್ಕ ಮಾಡಿ

ಇದನ್ನು ಎಲ್ಲರೂ ಕೊನೆಗೆ ಇಟ್ಟುಕೊಳ್ಳುತ್ತಾರೆ. ನಮ್ಮ ಕಡೆ ಇದೇ ಎಲ್ಲಕ್ಕಿಂತ ಜಟಿಲ. ಒಂದು ಸಂಜೆ ಅಪ್ಪ ಅಮ್ಮನ ಜೊತೆ ಕುಳಿತು ಮಾಡಿ. ಅಡಿಕೆ ಸುಲಿಯುತ್ತಾ ಕುಳಿತಾಗ ಮಾತು ಸಲೀಸಾಗಿ ಬರುತ್ತದೆ, ಎದುರೆದುರು ಕುರ್ಚಿ ಹಾಕಿಕೊಂಡರೆ ಯಾರೂ ಬಾಯಿ ಬಿಡುವುದಿಲ್ಲ.

ಮೊದಲು ಆದಾಯ. ತೋಟದ ಮನೆಗಳಲ್ಲಿ ಹಣ ತಿಂಗಳಿಗೆ ಬರುವುದಲ್ಲ, ವರ್ಷಕ್ಕೆ ಒಂದೆರಡು ಸಲ, ಅಡಿಕೆ ಮಂಡಿಗೋ, ಬೆಳೆಗಾರರ ಸಹಕಾರ ಸಂಘವಾದ ಮ್ಯಾಮ್‌ಕೋಸ್‌ಗೋ ಹೋದಾಗ ಬರುವುದು. ಕಂತು ಮಾತ್ರ ತಿಂಗಳು ತಿಂಗಳು ಕಟ್ಟಬೇಕು. ಆದ್ದರಿಂದ ಒಳ್ಳೆಯ ವರ್ಷದ ಲೆಕ್ಕ ಹಿಡಿಯಬೇಡಿ. ಮಳೆ ಜೋರಾಗಿ ಅಡಿಕೆಗೆ ಕೊಳೆರೋಗ ಬಂದ ವರ್ಷ ಎಷ್ಟು ಬಂತು, ಎಲೆಚುಕ್ಕಿ ರೋಗ ತಗುಲಿದ ಮೇಲೆ ಎಷ್ಟು ಇಳಿಯಿತು ಎಂದು ಕೇಳಿ. ಆ ಕಡಿಮೆ ಅಂಕಿಯನ್ನೇ ಬರೆಯಿರಿ. ಅದರಿಂದ ಸೊಸೈಟಿಯ ಬೆಳೆಸಾಲ, ಆಳಿನ ಖರ್ಚು, ತಮ್ಮ ತಂಗಿಯರ ಓದು ಕಳೆಯಿರಿ. ಉಳಿದದ್ದು ನಿಮ್ಮ ಓದಿಗೆ ಸಿಗುವ ಹಣ. ಕೆಲವರಿಗೆ ಏನೂ ಉಳಿಯುವುದಿಲ್ಲ. ಅದು ಈಗಲೇ ತಿಳಿದರೆ ಒಳ್ಳೆಯದು.

ಎರಡನೆಯದು ಓದಿನ ಖರ್ಚು. ಗೇಟ್ (ಎಂಟೆಕ್ ಪ್ರವೇಶದ ರಾಷ್ಟ್ರಮಟ್ಟದ ಪರೀಕ್ಷೆ) ಅಂಕದ ಮೇಲೆ ಪೂರ್ಣಾವಧಿ ಎಂಟೆಕ್ ಸೇರಿದರೆ ತಿಂಗಳಿಗೆ 12,400 ರೂಪಾಯಿ ವಿದ್ಯಾರ್ಥಿವೇತನ ಇದೆ, 24 ತಿಂಗಳಿಗೆ 2,97,600. ಐಐಟಿ, ಎನ್‌ಐಟಿಯಂಥ ಕಡೆ ಮೆಸ್ಸು, ಹಾಸ್ಟೆಲಿನ ಬಹುಪಾಲು ಇದರಲ್ಲೇ ಸಾಗುತ್ತದೆ. ಗೇಟ್ ಇಲ್ಲದೆ ರಾಜ್ಯದ ಪ್ರವೇಶ ಪರೀಕ್ಷೆ ಪಿಜಿಸಿಇಟಿ ಬರೆದು ಸೇರಿದವರಿಗೆ ಈ ಹಣ ಬರುವುದಿಲ್ಲ. ಇದು ಗೊತ್ತಿಲ್ಲದೆ ಸೇರಿ, ಮೊದಲ ಸೆಮಿಸ್ಟರಿನಲ್ಲಿ "ಸ್ಟೈಪೆಂಡ್ ಯಾವಾಗ ಬರುತ್ತೆ ಅಣ್ಣ" ಎಂದು ಫೋನ್ ಮಾಡಿದವರು ಇದ್ದಾರೆ.

ಇನ್ನು ವಿದೇಶದ ಎಂಎಸ್. ಒಟ್ಟು 35 ಲಕ್ಷ ಖರ್ಚು ಎಂದುಕೊಳ್ಳಿ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಂತೆ ವಿದೇಶದ ಓದಿಗೆ ಶೇ 15 ಭಾಗ ಮನೆಯವರೇ ಹಾಕಬೇಕು, ಅಂದರೆ ಐದು ಲಕ್ಷಕ್ಕೂ ಮೇಲೆ. ಉಳಿದ ಸುಮಾರು 30 ಲಕ್ಷ ಶೇ 10ರ ಬಡ್ಡಿಗೆ, ಅರ್ಧ ವರ್ಷಕ್ಕೊಮ್ಮೆ ನಾಲ್ಕು ಕಂತಿನಲ್ಲಿ ಬಿಡುಗಡೆ ಆಯಿತು ಎನ್ನಿ. ಓದಿನ ಎರಡು ವರ್ಷ, ಆಮೇಲಿನ ಒಂದು ವರ್ಷದ ವಿರಾಮ ಮುಗಿಯುವಾಗ ಸರಳಬಡ್ಡಿಯೇ 6.75 ಲಕ್ಷ ಸೇರಿರುತ್ತದೆ. ಆ 36.75 ಲಕ್ಷವನ್ನು ಹತ್ತು ವರ್ಷದಲ್ಲಿ ತೀರಿಸಲು ತಿಂಗಳಿಗೆ ಸುಮಾರು 48,500 ರೂಪಾಯಿ ಕಂತು. ಒಟ್ಟು ಕಟ್ಟುವುದು 58 ಲಕ್ಷದ ಮೇಲೆ.

ಈ ಅಂಕಿಯನ್ನು ದೊಡ್ಡದಾಗಿ ಬರೆದು ಕೆಳಗೆ ಒಂದು ಪ್ರಶ್ನೆ ಬರೆಯಿರಿ: ಅಲ್ಲಿ ಕೆಲಸ ಸಿಗದೆ ವಾಪಸ್ ಬಂದು ಬೆಂಗಳೂರಿನಲ್ಲಿ ಸೇರಿದರೆ ಈ ಕಂತು ಕಟ್ಟಲು ಆಗುತ್ತದೆಯೇ? ಆಗುವುದಿಲ್ಲ ಎಂದಾದರೆ ಯಾರು ಕಟ್ಟುತ್ತಾರೆ? ಅಪ್ಪನ ತೋಟ ಕಟ್ಟುತ್ತದೆ ಎಂಬುದು ಉತ್ತರವಾದರೆ, ಅಪ್ಪನಿಗೆ ಅದು ಗೊತ್ತಿರಬೇಕು.

ಮೂರನೆಯದು ಭದ್ರತೆಯ ಕಾಗದ. ಇದೇ ಯೋಜನೆಯಲ್ಲಿ 4 ಲಕ್ಷದವರೆಗೆ ಅಡಮಾನ ಬೇಕಿಲ್ಲ, 7.5 ಲಕ್ಷದವರೆಗೆ ಜಾಮೀನುದಾರರು ಸಾಕು, ಅದರ ಮೇಲೆ ಆಸ್ತಿ ಅಡವಿಡಬೇಕು. "ನಾಲ್ಕು ಎಕರೆ ತೋಟ ಇದೆಯಲ್ಲ" ಎಂದು ಧೈರ್ಯವಾಗಿ ಹೋಗುವವರು ಸಿಕ್ಕಿಬೀಳುವುದು ಇಲ್ಲಿ. ಶಿಕ್ಷಣ ಸಾಲಕ್ಕೆ ಕೃಷಿ ಜಮೀನನ್ನು ಒಪ್ಪಲು ಬ್ಯಾಂಕುಗಳು ಹಿಂಜರಿಯುತ್ತವೆ, ಅವರು ಕೇಳುವುದು ಮನೆ, ಸೈಟು, ಠೇವಣಿ. ಜಮೀನು ಒಪ್ಪಿದರೂ ಪಹಣಿ ಅಜ್ಜನ ಹೆಸರಿನಲ್ಲೇ ಇರುತ್ತದೆ, ಪೌತಿ ಖಾತೆ (ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಬದಲಾವಣೆ) ಆಗಿರುವುದಿಲ್ಲ. ನಾಲ್ಕು ಜನ ಅಣ್ಣತಮ್ಮಂದಿರ ಜಂಟಿ ಖಾತೆ, ಪೋಡಿ (ಪಾಲನ್ನು ಅಳೆದು ಬೇರೆ ಮಾಡುವುದು) ಆಗಿಲ್ಲ. ಉಳುತ್ತಿರುವ ಸರ್ಕಾರಿ ನೆಲವನ್ನು ಸಕ್ರಮ ಮಾಡಿಕೊಡಿ ಎಂಬ ಬಗರ್‌ಹುಕುಂ ಅರ್ಜಿ ಇನ್ನೂ ಇತ್ಯರ್ಥವಾಗಿಲ್ಲ. ಶರಾವತಿ ಮುಳುಗಡೆಯಿಂದ ಎದ್ದು ಬಂದ ಕುಟುಂಬಗಳ ಪೈಕಿ ಎಷ್ಟೋ ಜನರಿಗೆ, ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ನೀರು ನಿಂತು ಅರವತ್ತು ವರ್ಷವಾದರೂ, ಉಳುತ್ತಿರುವ ನೆಲದ ಹಕ್ಕುಪತ್ರ ಸರಿಯಾಗಿ ಕೈಗೆ ಬಂದಿಲ್ಲ. ಅವರ ಮಕ್ಕಳು ಬ್ಯಾಂಕಿನ ಮೇಜಿನ ಮುಂದೆ ಕುಳಿತು ಇದನ್ನು ವಿವರಿಸುವುದನ್ನು ನೋಡಿದಾಗ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಹಾಗಾಗಿ ಕಾಲೇಜಿನ ಅರ್ಜಿಗೆ ಹಣ ಕಟ್ಟುವ ಮೊದಲು ಪಹಣಿ, ಮ್ಯುಟೇಷನ್, ಬ್ಯಾಂಕು ಕೇಳಿದಷ್ಟು ವರ್ಷದ ಋಣಭಾರ ಪತ್ರ, ಮನೆಗೆ ಇ-ಸ್ವತ್ತು ಇವನ್ನು ತೆಗೆಸಿ. ಬ್ಯಾಂಕಿಗೆ ಹೋಗಿ ಮ್ಯಾನೇಜರ್ ಹತ್ತಿರ ಒಂದೇ ಪ್ರಶ್ನೆ ಕೇಳಿ: "ಸರ್, ಈ ಕಾಗದಕ್ಕೆ ಎಷ್ಟು ಸಾಲ ಸಿಗಬಹುದು?" ಪೌತಿ ಖಾತೆಗೆ, ಪೋಡಿಗೆ ತಿಂಗಳುಗಟ್ಟಲೆ ಹಿಡಿಯುತ್ತದೆ. ವೀಸಾ ದಿನಾಂಕ ಅದಕ್ಕಾಗಿ ಕಾಯುವುದಿಲ್ಲ.

ಎಚ್ಚರಿಕೆಯ ಗುರುತು: ಚಿಕ್ಕಪ್ಪ ದೊಡ್ಡಪ್ಪನ ಸಹಿ ಬೇಕಾಗಿದ್ದು, ಅವರಿಗೆ ಇನ್ನೂ ಹೇಳಿಯೇ ಇಲ್ಲ ಎಂದಾದರೆ ಅಲ್ಲೇ ನಿಲ್ಲಿ. ಮೊದಲು ಅವರ ಮನೆಗೆ ಹೋಗಿ ಬನ್ನಿ.

4ನೇ ಹಂತ: ಕೈಯಲ್ಲಿರುವ ಆಫರ್ ಲೆಟರ್ ಬಿಚ್ಚಿ ಓದಿ

ಪೆನ್ಸಿಲ್ ಹಿಡಿದು ಓದಿ, ಐದು ಕಡೆ ಗೀಟು ಹಾಕಿ. ಕೈಗೆ ಬರುವ ಸಂಬಳ, ಹುದ್ದೆಯ ಹೆಸರು, ಸೇರುವ ದಿನ, ಬಾಂಡ್ (ಇಷ್ಟು ಕಾಲದ ಮೊದಲು ಬಿಟ್ಟರೆ ಹಣ ಕಟ್ಟುತ್ತೇನೆ ಎಂಬ ಕರಾರು), ಬಿಡುವಾಗಿನ ನೋಟಿಸ್ ಅವಧಿ.

4 ಲಕ್ಷ ಸಿಟಿಸಿ (ಕಂಪನಿ ನಿಮಗಾಗಿ ವರ್ಷಕ್ಕೆ ಮಾಡುವ ಒಟ್ಟು ಖರ್ಚು) ಎಂದರೆ ತಿಂಗಳಿಗೆ 33 ಸಾವಿರ ಅಲ್ಲ. ಕಂಪನಿ ಕಟ್ಟುವ ಪಿಎಫ್, ಗ್ರಾಚ್ಯುಟಿ, ವಿಮೆ, ವರ್ಷದ ಕೊನೆಗೆ ಸಿಕ್ಕರೆ ಸಿಗುವ ಬೋನಸ್ ಎಲ್ಲ ಅದರೊಳಗೇ ಸೇರಿರುತ್ತದೆ. ನಿಮ್ಮ ಪಾಲಿನ ಪಿಎಫ್, ವೃತ್ತಿ ತೆರಿಗೆ ಕಳೆದು ಕೈಗೆ 27 ಸಾವಿರದ ಆಸುಪಾಸು ಬಂದರೆ ಆಶ್ಚರ್ಯವಿಲ್ಲ. ಬೆಂಗಳೂರಿನ ಪಿಜಿ ಬಾಡಿಗೆ, ಊಟ, ಓಡಾಟ, ತಿಂಗಳಿಗೊಮ್ಮೆ ಊರಿಗೆ ಬರುವ ರೈಲು ಬಸ್ಸಿನ ಖರ್ಚು ಕಳೆದು ಉಳಿಯುವುದನ್ನು ಬರೆಯಿರಿ. ಎಂಟೆಕ್‌ನ 12,400ರ ಪಕ್ಕ ಇಡಬೇಕಾದದ್ದು ಆ ಉಳಿಕೆಯನ್ನು. 4 ಲಕ್ಷವನ್ನು ಇಟ್ಟು ಹೋಲಿಸಿದರೆ ಲೆಕ್ಕ ತಪ್ಪುತ್ತದೆ.

ಹುದ್ದೆಯ ಹೆಸರಿನ ವಿಷಯದಲ್ಲಿ ನಾನೇ ಪೆಟ್ಟು ತಿಂದಿದ್ದೇನೆ. ಸಂದರ್ಶನದಲ್ಲಿ ಡಿಸೈನ್ ವಿಭಾಗ ಎಂದು ಬಾಯಲ್ಲಿ ಹೇಳಿದ್ದರು, ಪತ್ರದಲ್ಲಿ "ಟ್ರೈನಿ" ಎಂದಷ್ಟೇ ಇತ್ತು. ಹದಿನಾಲ್ಕು ತಿಂಗಳು ರಾತ್ರಿಪಾಳಿಯಲ್ಲಿ ಕುಳಿತು ಬೇರೆ ದೇಶದ ಗ್ರಾಹಕರ ದೂರುಗಳನ್ನು ನೋಂದಾಯಿಸಿ, ಇನ್ನೊಬ್ಬರಿಗೆ ದಾಟಿಸಿ, ಮುಚ್ಚಿದೆ. ಒಂದು ಡ್ರಾಯಿಂಗ್ ಕೂಡ ತೆರೆಯಲಿಲ್ಲ. ಕೇಳಿದರೆ ಬಾಂಡ್ ತೋರಿಸಿದರು. ಆಮೇಲೆ ಎಂಟೆಕ್ ಮಾಡಿ ಮತ್ತೆ ಡಿಸೈನ್‌ಗೆ ಬರಲು ನನಗೆ ನಾಲ್ಕು ವರ್ಷ ಹಿಡಿಯಿತು. ಸೇರುವ ಮೊದಲು ಒಂದು ಇಮೇಲ್ ಬರೆದು "ನನ್ನ ವಿಭಾಗ, ಕೆಲಸದ ಸ್ವರೂಪ, ಪಾಳಿ ತಿಳಿಸಿ" ಎಂದು ಕೇಳಿದ್ದರೆ ಸಾಕಿತ್ತು. ನೀವು ಕೇಳಿ. ಉತ್ತರ ಬರದಿದ್ದರೆ ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ.

ಬಾಂಡ್ ಬಗ್ಗೆ "ಅದೆಲ್ಲ ಕೋರ್ಟಿನಲ್ಲಿ ನಿಲ್ಲಲ್ಲ ಬಿಡು" ಎಂದು ಹಾಸ್ಟೆಲಿನಲ್ಲಿ ಹೇಳುವವರನ್ನು ನಂಬಬೇಡಿ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಒಂದು ಸಾರ್ವಜನಿಕ ವಲಯದ ಬ್ಯಾಂಕಿನ ಪ್ರಕರಣದಲ್ಲಿ, ಮೂರು ವರ್ಷದ ಮೊದಲು ಬಿಟ್ಟರೆ 2 ಲಕ್ಷ ಕಟ್ಟಬೇಕೆಂಬ ಷರತ್ತನ್ನು ಎತ್ತಿಹಿಡಿದಿದೆ. ಪ್ರತಿ ಬಾಂಡೂ ಹಾಗೇ ನಿಲ್ಲುತ್ತದೆ ಎಂದಲ್ಲ, ಮೊತ್ತ ಮತ್ತು ಅವಧಿ ನ್ಯಾಯವಾಗಿದೆಯೇ ಎಂಬುದು ಮುಖ್ಯ. ಒಂದು ವರ್ಷ ಕೆಲಸ ಮಾಡಿ ಓದಲು ಹೋಗುವ ಯೋಚನೆ ಇದ್ದರೆ ಎರಡು ವರ್ಷದ ಬಾಂಡಿಗೆ ಸಹಿ ಹಾಕಬೇಡಿ.

ಮೂಲ ಅಂಕಪಟ್ಟಿಗಳನ್ನು ತಮ್ಮ ಹತ್ತಿರ ಇಟ್ಟುಕೊಳ್ಳುತ್ತೇವೆ ಎನ್ನುವ ಕಂಪನಿ, ಕೆಲಸ ಕೊಡಲು ಮೊದಲೇ ಠೇವಣಿ ಕೇಳುವ ಏಜೆನ್ಸಿ, ಎರಡನ್ನೂ ಬಿಟ್ಟುಬಿಡಿ. ಇದಕ್ಕೆ ಯೋಚನೆಯೇ ಬೇಡ.

ಸೇರುವ ದಿನವನ್ನು ಮುಂದೂಡುತ್ತಲೇ ಹೋಗುವ ಕಂಪನಿಗಳೂ ಇವೆ. ಪತ್ರ ಬಂದು ಆರು ತಿಂಗಳಾದರೂ ಕರೆಯದಿದ್ದರೆ ಅದನ್ನು ಕೆಲಸ ಎಂದು ಲೆಕ್ಕಕ್ಕೆ ಹಿಡಿಯಬೇಡಿ.

5ನೇ ಹಂತ: ದಿನಾಂಕಗಳನ್ನು ಗೋಡೆಗೆ ಹಚ್ಚಿ

ನಿರ್ಧಾರ ಸರಿ ಇದ್ದೂ ದಿನ ತಪ್ಪಿ ಹೋದವರು ಬಹಳ. ಗೇಟ್ ಅರ್ಜಿ ಸಾಮಾನ್ಯವಾಗಿ ಆಗಸ್ಟ್ ಕೊನೆ, ಸೆಪ್ಟೆಂಬರ್ ಹೊತ್ತಿಗೆ ತೆರೆಯುತ್ತದೆ. ಪರೀಕ್ಷೆ ಫೆಬ್ರವರಿ, ಫಲಿತಾಂಶ ಮಾರ್ಚ್. ಮೂರನೇ ವರ್ಷದಲ್ಲಿ ಇರುವವರೂ ಬರೆಯಬಹುದು, ಅಂಕ ಫಲಿತಾಂಶದಿಂದ ಮೂರು ವರ್ಷ ನಡೆಯುತ್ತದೆ. ಈ ಒಂದು ನಿಯಮದಿಂದ ಎಷ್ಟು ಉಪಯೋಗ ಇದೆ ಎಂದು ಯೋಚಿಸಿ. ಈಗ ಬರೆದಿಟ್ಟು ಕೆಲಸಕ್ಕೆ ಸೇರಿ, ಎರಡು ವರ್ಷದ ಮೇಲೂ ಅದೇ ಅಂಕದಿಂದ ಸೀಟು ಕೇಳಬಹುದು.

ಐಐಟಿಗಳ ವಿಷಯದಲ್ಲಿ ಪ್ರತಿ ವರ್ಷ ಆಗುವ ತಪ್ಪು ಒಂದಿದೆ. ಸಿಒಎಪಿ ಪೋರ್ಟಲಿನಲ್ಲಿ ನೋಂದಾಯಿಸಿದರೆ ಅರ್ಜಿ ಹಾಕಿದಂತೆ ಎಂದುಕೊಳ್ಳುತ್ತಾರೆ. ಅದು ಬಂದ ಸೀಟನ್ನು ಒಪ್ಪುವ, ಬಿಡುವ ಜಾಗ ಮಾತ್ರ. ಅರ್ಜಿಯನ್ನು ಒಂದೊಂದು ಐಐಟಿಗೂ ಅದರದೇ ಜಾಲತಾಣದಲ್ಲಿ ಬೇರೆ ಬೇರೆ ಹಾಕಬೇಕು, ಅದೂ ಫಲಿತಾಂಶದ ಆಸುಪಾಸಿನ ಕೆಲವೇ ವಾರಗಳಲ್ಲಿ. ಸುರತ್ಕಲ್ ಸೇರಿದಂತೆ ಎನ್‌ಐಟಿಗಳಿಗೆ ಸಿಸಿಎಂಟಿ ಎಂಬ ಒಂದೇ ಕೌನ್ಸೆಲಿಂಗ್ ಮೂಲಕ. ವಿಟಿಯು (ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಕಾಲೇಜುಗಳಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ನಡೆಸುವ ಪಿಜಿಸಿಇಟಿ.

ವಿದೇಶಕ್ಕಾದರೆ ಹೊರಡುವ ದಿನದಿಂದ ಒಂದು ವರ್ಷ ಹಿಂದಕ್ಕೆ ಎಣಿಸಿ. ಅಮೆರಿಕದ ಬಹಳಷ್ಟು ವಿಶ್ವವಿದ್ಯಾಲಯಗಳ ಕೊನೆಯ ದಿನ ಡಿಸೆಂಬರ್, ಜನವರಿಯಲ್ಲಿ ಬೀಳುತ್ತದೆ. ಸ್ನಾತಕೋತ್ತರ ಪ್ರವೇಶದ ಜಿಆರ್‌ಇ ಅಂಕ ಐದು ವರ್ಷ, ಇಂಗ್ಲಿಷ್ ಪರೀಕ್ಷೆಗಳಾದ ಐಇಎಲ್‌ಟಿಎಸ್ ಮತ್ತು ಟೋಫೆಲ್ ಎರಡು ವರ್ಷ ನಡೆಯುತ್ತವೆ. ಜರ್ಮನಿಗೆ 2022ರ ನವೆಂಬರ್‌ನಿಂದ ನಮ್ಮ ಓದಿನ ದಾಖಲೆಗಳನ್ನು ಪರಿಶೀಲಿಸಿ ಕೊಡುವ ಎಪಿಎಸ್ ಪ್ರಮಾಣಪತ್ರ ಕಡ್ಡಾಯ, ಅದನ್ನು ಮೊದಲೇ ಮಾಡಿಸಿ. ಬೆಳಗಾವಿಯ ವಿಟಿಯುನಿಂದ ಬರಬೇಕಾದ ಟ್ರಾನ್ಸ್‌ಕ್ರಿಪ್ಟ್‌ಗೂ (ಎಲ್ಲ ಸೆಮಿಸ್ಟರಿನ ಅಂಕಗಳ ಅಧಿಕೃತ ಪ್ರತಿ) ಸಮಯ ಇಟ್ಟುಕೊಳ್ಳಿ.

ನಮ್ಮ ಕಡೆಯ ಇನ್ನೊಂದು ಪಂಚಾಂಗ ಇದರ ಮೇಲೇ ಬಂದು ಕೂರುತ್ತದೆ. ಗೇಟ್‌ಗೆ ಗಟ್ಟಿಯಾಗಿ ಓದಬೇಕಾದ ನವೆಂಬರ್‌ನಿಂದ ಜನವರಿವರೆಗಿನ ಹೊತ್ತೇ ಅಡಿಕೆ ಕೊಯ್ಲಿನ ಕಾಲ. ಸುಲಿಯುವುದು, ಬೇಯಿಸುವುದು, ಒಣಹಾಕುವುದು ಎಂದು ಮನೆಯಲ್ಲಿ ಒಬ್ಬರಿಗೂ ಬಿಡುವಿಲ್ಲ. ಓದುವ ಮಗ ಚಪ್ಪರದ ಕೆಳಗೆ ಬರದಿದ್ದರೆ ಮಾತು ಕೇಳಬೇಕು, ಬಂದರೆ ಓದು ಹೋಯಿತು. ಆಗಸ್ಟ್‌ನಲ್ಲೇ ಮನೆಯವರ ಜೊತೆ ಮಾತಾಡಿ ಬೆಳಗಿನ ಇಷ್ಟು ಗಂಟೆ ನನ್ನದು, ಸಂಜೆ ಸುಲಿಯಲು ಬರುತ್ತೇನೆ ಎಂದು ಗೊತ್ತುಮಾಡಿಕೊಳ್ಳಿ. ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕು ಎರಡೂ ಹೋಗುವ ಊರಿನವರು ಅರ್ಜಿಯನ್ನು ಕೊನೆಯ ದಿನಕ್ಕೆ ಬಿಡಬೇಡಿ.

6ನೇ ಹಂತ: ಮೂರು ವಾರ ಓದಿ ನೋಡಿ

ಹಳೆಯ ಗೇಟ್ ಪ್ರಶ್ನೆಪತ್ರಿಕೆ ಒಂದನ್ನು ಬಾಗಿಲು ಹಾಕಿಕೊಂಡು ಮೂರು ಗಂಟೆ ಕುಳಿತು ಬರೆಯಿರಿ. 65 ಪ್ರಶ್ನೆ, 100 ಅಂಕ. ಬಹು ಆಯ್ಕೆಯ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟರೆ ಮೂರನೇ ಒಂದು ಭಾಗ ಕಳೆಯಿರಿ. ಬಂದ ಅಂಕ ಎಷ್ಟಾದರೂ ಇರಲಿ, ಅದು ಇವತ್ತಿನ ಲೆಕ್ಕ ಮಾತ್ರ.

ಆಮೇಲೆ ನಿಮಗೆ ಇಷ್ಟವೆಂದು ನೀವೇ ಹೇಳಿಕೊಳ್ಳುವ ಒಂದು ವಿಷಯವನ್ನು ಮೂರು ವಾರ, ದಿನಕ್ಕೆ ಎರಡು ಗಂಟೆ ಓದಿ, ಲೆಕ್ಕ ಬಿಡಿಸಿ. ನಾಲ್ಕನೇ ದಿನಕ್ಕೇ ನೆಪ ಹುಡುಕುತ್ತಿದ್ದರೆ ಎರಡು ವರ್ಷ ಅದನ್ನೇ ಓದುವುದು ಬೇಡ. ಸಮಯ ಹೋದದ್ದೇ ತಿಳಿಯದಿದ್ದರೆ ಅದೂ ಗೊತ್ತಾಗುತ್ತದೆ. ನನಗೆ ಇದು ಸಂಬಳದ ಲೆಕ್ಕಕ್ಕಿಂತ ದೊಡ್ಡ ಸಾಕ್ಷಿ.

7ನೇ ಹಂತ: ಈಗ ಕಾಲೇಜು ತೂಗಿ

ಇಲ್ಲಿಯವರೆಗಿನ ಪುಟಗಳು ಓದಿನ ಕಡೆ ವಾಲಿದರೆ ಮಾತ್ರ ಇದು. "ಎಲ್ಲಾದರೂ ಸರಿ, ಒಂದು ಎಂಟೆಕ್" ಎಂಬುದು ನಾನು ಕಂಡ ಅತಿ ದುಬಾರಿ ನಿರ್ಧಾರ. ಬಿಇ ಓದಿದ ಕಾಲೇಜಿನಲ್ಲೇ, ಅದೇ ಪ್ರಯೋಗಾಲಯದಲ್ಲಿ, ಅದೇ ಮೇಷ್ಟರ ಹತ್ತಿರ, ವಿದ್ಯಾರ್ಥಿವೇತನ ಇಲ್ಲದೆ ಇನ್ನೆರಡು ವರ್ಷ ಕುಳಿತರೆ ಮೊದಲೇ ಸಿಗುತ್ತಿದ್ದ ಕೆಲಸಕ್ಕೆ ಎರಡು ವರ್ಷ ತಡವಾಗಿ ಸೇರುತ್ತೀರಿ. ಪಾಠ ಮಾಡಬೇಕೆಂಬ ಗುರಿ ಗಟ್ಟಿಯಾಗಿ ಇದ್ದವರಿಗೆ ಮಾತ್ರ ಇದಕ್ಕೆ ಅರ್ಥವಿದೆ.

ಆ ವಿಭಾಗದಲ್ಲಿ ಕಳೆದ ವರ್ಷ ಮುಗಿಸಿದ ಇಬ್ಬರನ್ನು ಹುಡುಕಿ ಫೋನ್ ಮಾಡಿ. ಕಾಲೇಜಿನ ಒಟ್ಟು ಪ್ಲೇಸ್‌ಮೆಂಟ್ ಬೇಡ, ಆ ಒಂದು ಕೋರ್ಸಿನಲ್ಲಿ ಎಷ್ಟು ಜನ ಇದ್ದರು, ಎಷ್ಟು ಜನಕ್ಕೆ ಯಾವ ಕೆಲಸ ಸಿಕ್ಕಿತು ಎಂದು ಕೇಳಿ. ಅದೇ ಸಂಸ್ಥೆಯಲ್ಲಿ ಕಂಪ್ಯೂಟರ್ ಸೈನ್ಸ್‌ಗೂ ಥರ್ಮಲ್‌ಗೂ ಅಜಗಜಾಂತರ ಇರುತ್ತದೆ.

ವಿದೇಶಕ್ಕೆ ಕಳಿಸುವ ಕನ್ಸಲ್ಟೆನ್ಸಿಗಳ ವಿಷಯದಲ್ಲಿ ಹುಷಾರು. ನಿಮ್ಮಿಂದ ಶುಲ್ಕ ತೆಗೆದುಕೊಳ್ಳದವರಿಗೆ ಎಷ್ಟೋ ಕಡೆ ಆ ವಿಶ್ವವಿದ್ಯಾಲಯವೇ ಕಮಿಷನ್ ಕೊಡುತ್ತದೆ. ಅವರು ತೋರಿಸಿದ ಐದು ಹೆಸರಿನ ಆಚೆಗೂ ನೀವೇ ನೋಡಿ. "ಜರ್ಮನಿಯಲ್ಲಿ ಫೀಸೇ ಇಲ್ಲ" ಎನ್ನುತ್ತಾರೆ. ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಅದು ನಿಜ. ಆದರೆ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ನಮ್ಮಂಥ ಹೊರದೇಶದವರಿಗೆ ಸೆಮಿಸ್ಟರಿಗೆ 1,500 ಯೂರೋ ಇದೆ. ಜೊತೆಗೆ ಜೀವನಖರ್ಚಿಗೆಂದು 2024ರ ಸೆಪ್ಟೆಂಬರ್‌ನಿಂದ ನಿಗದಿಯಾದ 11,904 ಯೂರೋವನ್ನು ವೀಸಾಕ್ಕೆ ಮೊದಲೇ ನಿರ್ಬಂಧಿತ ಖಾತೆಯಲ್ಲಿ ಇಡಬೇಕು. ಇದು ರೂಪಾಯಿಯಲ್ಲಿ ಹತ್ತು ಲಕ್ಷ ದಾಟುತ್ತದೆ. ಅಮೆರಿಕದಲ್ಲಿ ಓದಿದ ಮೇಲೆ ಒಪಿಟಿ ಎಂಬ ಪರವಾನಗಿಯಲ್ಲಿ 12 ತಿಂಗಳು, ತಂತ್ರಜ್ಞಾನದವರಿಗೆ ಇನ್ನೂ 24 ತಿಂಗಳು ಕೆಲಸ ಮಾಡಲು ಅವಕಾಶವಿದೆ. ಆಮೇಲಿನದು ಎಚ್-1ಬಿ ಎಂಬ ಕೆಲಸದ ವೀಸಾದ ಲಾಟರಿ, ಅದರ ಸಾಮಾನ್ಯ ಮಿತಿ ವರ್ಷಕ್ಕೆ 65,000, ಅಮೆರಿಕದಲ್ಲೇ ಸ್ನಾತಕೋತ್ತರ ಪದವಿ ಪಡೆದವರಿಗೆ ಇನ್ನೂ 20,000. ಈ ನಿಯಮಗಳು ಬದಲಾಗುತ್ತಲೇ ಇರುತ್ತವೆ, ಅರ್ಜಿ ಹಾಕುವ ವಾರ ಆಯಾ ದೇಶದ ಅಧಿಕೃತ ಜಾಲತಾಣದಲ್ಲೇ ಓದಿಕೊಳ್ಳಿ.

8ನೇ ಹಂತ: ಒಂದು ಹಾಳೆಯಲ್ಲಿ ನಿರ್ಧಾರ ಬರೆಯಿರಿ

ಎರಡನೇ ಹಂತದಲ್ಲಿ ಪದವಿ ಬೇಕೇಬೇಕು ಎಂದು ಬಂದು, ಗೇಟ್ ಅಂಕಕ್ಕೆ ಒಳ್ಳೆಯ ಸೀಟು ಸಿಕ್ಕಿದ್ದರೆ ಹೋಗಿ. ಆಫರ್ ಲೆಟರ್ ಬಿಟ್ಟುಕೊಡಲು ಹೆದರಬೇಡಿ. ಕಂಪನಿಗೆ ಎರಡು ಸಾಲಿನ ಮರ್ಯಾದೆಯ ಇಮೇಲ್ ಸಾಕು.

ಪದವಿ ಬೇಕು, ಆದರೆ ಸೀಟು ಸಿಕ್ಕಿಲ್ಲ ಅಥವಾ ಮನೆಯ ಕಾಗದ ಸರಿಯಿಲ್ಲ ಎಂದಾದರೆ ಕೆಲಸಕ್ಕೆ ಸೇರಿ, ಬಾಗಿಲು ತೆರೆದಿಟ್ಟುಕೊಳ್ಳಿ. ತೆರೆದಿಡುವುದು ಎಂದರೆ ಇಷ್ಟು: ಊರು ಬಿಡುವ ಮೊದಲು ಇಬ್ಬರು ಮೇಷ್ಟರ ಹತ್ತಿರ ಶಿಫಾರಸು ಪತ್ರದ ಮಾತು ಆಡಿರಿ, ಟ್ರಾನ್ಸ್‌ಕ್ರಿಪ್ಟ್ ತೆಗೆಸಿಡಿ, ಸಂಬಳದ ಒಂದು ಭಾಗವನ್ನು ಆ ಓದಿಗೆಂದೇ ಬೇರೆ ಖಾತೆಯಲ್ಲಿ ಇಡಿ, ಮನೆಯಲ್ಲಿ ಪೌತಿ ಖಾತೆಗೆ ಅರ್ಜಿ ಕೊಡಿಸಿ. ಎರಡು ವರ್ಷದಲ್ಲಿ ಕಾಗದವೂ ಸರಿಯಾಗಿರುತ್ತದೆ, ನಿಮಗೂ ಏನು ಓದಬೇಕೆಂದು ತಿಳಿದಿರುತ್ತದೆ. ನನ್ನ ಹತ್ತಿರ ಬರುವ ಹತ್ತರಲ್ಲಿ ಆರೇಳು ಜನಕ್ಕೆ ನಾನು ಹೇಳುವುದು ಇದನ್ನೇ.

ಪದವಿ ಬೇಕಿಲ್ಲ ಎಂದು ಬಂದರೆ ಕೆಲಸಕ್ಕೆ ಹೋಗಿ. ಗೆಳೆಯರು ಎಂಎಸ್‌ಗೆ ಹೊರಟರು ಎಂದು ಮತ್ತೆ ಮೊದಲ ಪುಟಕ್ಕೆ ಬರಬೇಡಿ.

ಕೆಲಸವೂ ಇಲ್ಲ, ಸೀಟೂ ಇಲ್ಲ ಎನ್ನುವವರ ಸ್ಥಿತಿಯೇ ಕಠಿಣ. ಮನೆಯಲ್ಲಿ ಕುಳಿತು ಒಂದು ವರ್ಷ ಓದುವುದಾದರೆ ಮೊದಲೇ ಕೊನೆಯ ದಿನ ಬರೆಯಿರಿ, ಅದು ಗೇಟ್ ಫಲಿತಾಂಶದ ದಿನ ಇರಲಿ. ಆ ವರ್ಷದಲ್ಲಿ ಅಪ್ರೆಂಟಿಸ್‌ಶಿಪ್ಪೋ, ಅರ್ಧ ದಿನದ ಕೆಲಸವೋ ಜೊತೆಗಿರಲಿ. ಅಂಕಪಟ್ಟಿಗಳ ನಂತರದ ಖಾಲಿ ವರ್ಷಕ್ಕೆ ಸಂದರ್ಶನದಲ್ಲಿ ಉತ್ತರ ಕೊಡಬೇಕಾಗುತ್ತದೆ. ಎರಡನೇ ವರ್ಷವೂ ಹಾಗೇ ಕೂರುವುದನ್ನು ನಾನು ಒಪ್ಪುವುದಿಲ್ಲ. ಹೆಣ್ಣುಮಕ್ಕಳ ಮನೆಗಳಲ್ಲಿ ಆ ಹೊತ್ತಿಗೆ ಮದುವೆಯ ಮಾತು ಶುರುವಾಗಿ, ಅವರು ತೆಗೆದುಕೊಳ್ಳಬೇಕಾದ ನಿರ್ಧಾರವನ್ನು ಬೇರೆ ಯಾರೋ ತೆಗೆದುಕೊಂಡಿರುತ್ತಾರೆ. ಅದನ್ನು ಕಣ್ಣಾರೆ ನೋಡಿದ್ದೇನೆ.

ಹಾಳೆಯಲ್ಲಿ ಮೂರೇ ವಿಷಯ ಇರಲಿ: ಏನು ಮಾಡುತ್ತೇನೆ, ಯಾಕೆ, ಮತ್ತೆ ಯಾವ ತಿಂಗಳು ಇದನ್ನು ತೆಗೆದು ನೋಡುತ್ತೇನೆ. ಅಪ್ಪ ಅಮ್ಮನಿಗೆ ಓದಿ ಹೇಳಿ. ಸಾಲ ಇದ್ದರೆ ಕಂತಿನ ಅಂಕಿಯನ್ನೂ ಅದರಲ್ಲೇ ಬರೆಯಿರಿ. ಒಂದು ಪ್ರತಿ ನಿಮ್ಮ ಅಂಕಪಟ್ಟಿಗಳ ಜೊತೆ, ಇನ್ನೊಂದು ಅಪ್ಪನ ಪಹಣಿ ಫೈಲಿನಲ್ಲಿ ಇಡಿ.